ಸೆಲ್ಫ್ ಹೊಡೆಯದ ಹಳೆಯ ಕಾರು: ಮನೆಯಂಗಳದಲ್ಲೇ ದೋಷ ಹುಡುಕುವ ಬಗೆ

ಡಿಸೆಂಬರ್ ತಿಂಗಳ ಒಂದು ಮುಂಜಾನೆ, ಬಸವನಗುಡಿಯ ನಮ್ಮ ಮನೆಯ ಮುಂದೆ ಅಪ್ಪನ 1998ರ ಮಾರುತಿ 800 ‘ಟಕ್’ ಎಂದು ಒಂದೇ ಸದ್ದು ಮಾಡಿ ಸುಮ್ಮನಾಯಿತು. ಹಾರನ್ ಜೋರಾಗಿಯೇ ಕೂಗುತ್ತಿತ್ತು. ಹೆಡ್‌ಲೈಟ್ ಬೆಳ್ಳಗೆ ಉರಿಯುತ್ತಿತ್ತು. ಅಂಗಡಿಯಿಂದ ಬಂದ ಹುಡುಗ ಬಾನೆಟ್ ಎತ್ತುವ ಮೊದಲೇ ‘ಬ್ಯಾಟರಿ ಹೋಗಿದೆ ಸಾರ್’ ಎಂದ. ಹೊಸ ಬ್ಯಾಟರಿ ಬಂತು. ಮೂರು ವಾರ ಕಾರು ಓಡಿತು, ನಾಲ್ಕನೆಯ ವಾರ ಮತ್ತೆ ಅದೇ ‘ಟಕ್’. ಈ ಸಲ ಎಂಜಿನ್ನನ್ನು ತಿರುಗಿಸಿ ಚಾಲೂ ಮಾಡುವ ಸೆಲ್ಫ್ ಮೋಟಾರ್ ಕೆಟ್ಟಿದೆ ಎಂದರು. ಅದನ್ನೂ ಬಿಚ್ಚಿಸಿ ರಿಪೇರಿ ಮಾಡಿಸಿದ್ದಾಯಿತು. ದುಡ್ಡು ಹೋಯಿತು, ‘ಟಕ್’ ಹೋಗಲಿಲ್ಲ. ಕೊನೆಗೆ ದೋಷ ಸಿಕ್ಕಿದ್ದು ಎಂಜಿನ್ನಿಗೂ ಕಾರಿನ ಬಾಡಿಗೂ ನಡುವೆ ಇರುವ, ಗೇಣುದ್ದದ, ತಾಮ್ರದ ಎಳೆಗಳನ್ನು ಜಡೆಯಂತೆ ಹೆಣೆದ ಒಂದು ಪಟ್ಟಿಯಲ್ಲಿ. ಅದರ ಎರಡೂ ತುದಿಗಳು ತುಕ್ಕು ಹಿಡಿದಿದ್ದವು.

ಬೆಂಗಳೂರಿನಲ್ಲಿ ಇಂಥ ಕಾರುಗಳು ಇನ್ನೂ ಬಹಳ ಇವೆ. ಮಲ್ಲೇಶ್ವರ, ಜಯನಗರ, ರಾಜಾಜಿನಗರದ ಹಳೆಯ ಮನೆಗಳ ಗೇಟಿನೊಳಗೆ ಇಣುಕಿದರೆ ಒಂದು ಮಾರುತಿ, ಒಂದು ಜೆನ್, ಅಪರೂಪಕ್ಕೆ ಒಂದು ಪದ್ಮಿನಿ ಕಾಣುತ್ತದೆ. 15 ವರ್ಷದ ನೋಂದಣಿ ಮುಗಿದು, ಮತ್ತೆ 5 ವರ್ಷಕ್ಕೆ ನವೀಕರಣಗೊಂಡು, ತರಕಾರಿಗೆ, ದೇವಸ್ಥಾನಕ್ಕೆ, ವೈದ್ಯರ ಬಳಿಗೆ ಹೋಗಿ ಬರುವ ಗಾಡಿಗಳು ಅವು. ಅವುಗಳ ವಿದ್ಯುತ್ ವ್ಯವಸ್ಥೆ ಎಷ್ಟು ಸರಳವೆಂದರೆ, ಮೂಲ ತತ್ವವೊಂದು ಮನಸ್ಸಿಗೆ ಇಳಿದರೆ ಎಸ್.ಪಿ. ರಸ್ತೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ, ವೋಲ್ಟ್, ಆಂಪಿಯರ್, ಓಮ್ ಅಳೆಯುವ ಮಲ್ಟಿಮೀಟರ್ ಹಿಡಿದು ಮನೆಯಲ್ಲೇ ದೋಷವನ್ನು ಹುಡುಕಬಹುದು. ರಿಪೇರಿಯನ್ನು ಮೇಸ್ತ್ರಿಯಿಂದ ಮಾಡಿಸಿದರೂ ಸರಿ, ದೋಷ ಎಲ್ಲಿದೆ ಎಂಬುದು ನಮಗೆ ಮೊದಲೇ ಗೊತ್ತಿದ್ದರೆ ಬೇಡದ ಭಾಗಕ್ಕೆ ಹಣ ಸುರಿಯುವುದು ತಪ್ಪುತ್ತದೆ.

ಆ ತತ್ವ ಇದು: ವಿದ್ಯುತ್ತಿಗೆ ಹೋಗುವ ದಾರಿ ಎಷ್ಟು ಮುಖ್ಯವೋ ಮರಳಿ ಬರುವ ದಾರಿಯೂ ಅಷ್ಟೇ ಮುಖ್ಯ. ಬ್ಯಾಟರಿಯ ಪ್ಲಸ್ ತುದಿಯಿಂದ ದಪ್ಪ ಕೇಬಲ್ಲಿನಲ್ಲಿ ಹೊರಟ ಕರೆಂಟು ಸೆಲ್ಫ್ ಮೋಟಾರನ್ನು ತಿರುಗಿಸಿ, ಅದರ ಲೋಹದ ಮೈಯಿಂದ ಎಂಜಿನ್ನಿಗೆ, ಎಂಜಿನ್ನಿನಿಂದ ಅರ್ತ್ ಪಟ್ಟಿಯ (ಮೇಲೆ ಹೇಳಿದ ತಾಮ್ರದ ಜಡೆಪಟ್ಟಿಯ) ಮೂಲಕ ಬಾಡಿಗೆ, ಬಾಡಿಯಿಂದ ಇನ್ನೊಂದು ಕೇಬಲ್ಲಿನಲ್ಲಿ ಬ್ಯಾಟರಿಯ ಮೈನಸ್ ತುದಿಗೆ ಮರಳಬೇಕು. ಕೆಲವು ಕಾರುಗಳಲ್ಲಿ ಮೈನಸ್ ಕೇಬಲ್ ನೇರವಾಗಿ ಎಂಜಿನ್ನಿಗೇ ಹೋಗುತ್ತದೆ. ಹೇಗೇ ಇರಲಿ, ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್‌ಗಳ ಮೇಲೆ. ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಆದ್ದರಿಂದಲೇ ಆ ಪಟ್ಟಿ ಬೇಕು. ಪ್ಲಸ್ ಕಡೆಯ ದಾರಿಯನ್ನು ಎಲ್ಲರೂ ನೋಡುತ್ತಾರೆ. ಮರಳುವ ದಾರಿಯನ್ನು ನೋಡುವವರು ಕಡಿಮೆ.

ಹಾಗಾದರೆ ಹಾರನ್ ಮತ್ತು ಲೈಟು ಸರಿಯಾಗಿಯೇ ಇದ್ದವಲ್ಲ? ಬೋರ್‌ವೆಲ್ ನೀರು ಬಳಸುವ ಮನೆಯವರಿಗೆ ಇದರ ಉತ್ತರ ಗೊತ್ತಿದೆ. ಮೇಲಿನ ಟ್ಯಾಂಕು ತುಂಬಿರುತ್ತದೆ, ಆದರೆ ಪೈಪಿನೊಳಗೆ ವರ್ಷಗಟ್ಟಲೆ ಉಪ್ಪು ಕಟ್ಟಿಕೊಂಡಿರುತ್ತದೆ. ನಲ್ಲಿಯನ್ನು ಸ್ವಲ್ಪವೇ ತಿರುಗಿಸಿ ಲೋಟ ಹಿಡಿದರೆ ತೊಂದರೆ ತಿಳಿಯುವುದೇ ಇಲ್ಲ. ಬಕೆಟ್ ಇಟ್ಟು ಪೂರ್ತಿ ತಿರುಗಿಸಿದಾಗ ಮಾತ್ರ ಧಾರೆ ಸೊರಗಿರುವುದು ಕಾಣುತ್ತದೆ. ನಲ್ಲಿ ಮುಚ್ಚಿದಾಗ ಒತ್ತಡ ಅಳೆದರೆ ಎಲ್ಲವೂ ಸರಿ ಎಂದೇ ಅನ್ನಿಸುತ್ತದೆ. ಕಾರಿನಲ್ಲಿ ಲೈಟು ಎಂದರೆ ಲೋಟ, ಸೆಲ್ಫ್ ಎಂದರೆ ಬಕೆಟ್.

ಇದನ್ನೇ ಅಂಕಿಗಳಲ್ಲಿ ನೋಡೋಣ. 1,000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಮನೆಯ 230 ವೋಲ್ಟ್ ಲೈನಿನಿಂದ ಎಳೆಯುವುದು ನಾಲ್ಕು ಆಂಪಿಯರ್‌ಗಿಂತ ತುಸು ಹೆಚ್ಚು. ಅಷ್ಟೇ ಶಕ್ತಿಯನ್ನು 12 ವೋಲ್ಟಿನ ಬ್ಯಾಟರಿಯಿಂದ ಪಡೆಯಬೇಕಾದರೆ 80ರಿಂದ 100 ಆಂಪಿಯರ್ ಹರಿಯಬೇಕು. ಸಣ್ಣ ಪೆಟ್ರೋಲ್ ಕಾರಿನ ಸೆಲ್ಫ್ ಮೋಟಾರ್ ಎಳೆಯುವುದೂ ಹೆಚ್ಚು ಕಡಿಮೆ ಅಷ್ಟೇ; ನಿಂತ ಎಂಜಿನ್ನನ್ನು ಕದಲಿಸುವ ಮೊದಲ ಕ್ಷಣದಲ್ಲಿ ಇನ್ನೂ ಹೆಚ್ಚು. ಈಗ ತುಕ್ಕು ಹಿಡಿದ ಒಂದು ಜೋಡಣೆಯಲ್ಲಿ 0.02 ಓಮ್ ತಡೆ ಇದೆ ಎನ್ನಿ. ಸಾಧಾರಣ ಮಲ್ಟಿಮೀಟರಿನ ಓಮ್ ವಿಭಾಗಕ್ಕೆ ಅದು ಕಾಣುವುದೂ ಇಲ್ಲ. 5 ಆಂಪಿಯರಿನ ಹೆಡ್‌ಲೈಟ್ ಬಲ್ಬಿಗೆ ಅಲ್ಲಿ ನಷ್ಟವಾಗುವುದು 0.1 ವೋಲ್ಟ್ ಮಾತ್ರ. 100 ಆಂಪಿಯರಿನ ಸೆಲ್ಫ್‌ಗೆ ನಷ್ಟವಾಗುವುದು 2 ವೋಲ್ಟ್. ಲೈಟು ಉರಿಯುತ್ತದೆ, ಮೋಟಾರ್ ಕದಲುವುದಿಲ್ಲ.

ಸೆಲ್ಫ್ ಹೀಗೆ ಒಮ್ಮೆಲೇ ಇಷ್ಟು ಕರೆಂಟು ಕುಡಿಯುವುದಕ್ಕೆ ಚರಿತ್ರೆಯಲ್ಲೇ ಕಾರಣವಿದೆ. ಮೊದಲು ಎಂಜಿನ್ನಿಗೆ ಮುಂದಿನಿಂದ ಹ್ಯಾಂಡಲ್ ತೂರಿಸಿ ಕೈಯಲ್ಲಿ ತಿರುಗಿಸುತ್ತಿದ್ದರು. ಅಂಬಾಸಿಡರ್ ಇಟ್ಟುಕೊಂಡಿದ್ದ ಹಿರಿಯರಿಗೆ ಆ ಹ್ಯಾಂಡಲ್ ನೆನಪಿರುತ್ತದೆ; ಎಂಜಿನ್ ಒಮ್ಮೆಗೇ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುವ ಭಯವೂ ನೆನಪಿರುತ್ತದೆ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. ಕಾರಿನಲ್ಲಿ ಕೂರಿಸುವಷ್ಟು ಸಣ್ಣ ಮೋಟಾರ್ ಎಂಜಿನ್ನನ್ನು ತಿರುಗಿಸಲಾರದು ಎಂಬ ಆಕ್ಷೇಪಕ್ಕೆ ಉತ್ತರ ಸರಳವಾಗಿತ್ತು: ಅದು ಕೆಲವೇ ಸೆಕೆಂಡು ದುಡಿದರೆ ಸಾಕು, ಆ ಕೆಲವು ಸೆಕೆಂಡು ಅದರ ಮೇಲೆ ಮಿತಿಮೀರಿದ ಹೊರೆ ಹೇರಬಹುದು. ಇಂದಿನ ಸೆಲ್ಫ್ ಕೂಡ ಹಾಗೆಯೇ ದುಡಿಯುತ್ತದೆ. ಅದನ್ನು ಒಂದೇ ಸಮನೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬಾರದು, ನಡುವೆ ಅರ್ಧ ನಿಮಿಷವಾದರೂ ಆರಲು ಬಿಡಬೇಕು ಎನ್ನುವುದು ಇದಕ್ಕಾಗಿಯೇ. ಸಿಟ್ಟಿನಲ್ಲಿ ಕೀಲಿ ತಿರುಗಿಸಿ ಹಿಡಿದವರು ಒಳ್ಳೆಯ ಮೋಟಾರನ್ನೂ ಸುಟ್ಟುಕೊಳ್ಳುತ್ತಾರೆ.

ಕೈ ಹಾಕುವ ಮೊದಲು ಉಂಗುರ, ಬಳೆ, ಲೋಹದ ಪಟ್ಟಿಯ ಗಡಿಯಾರ ತೆಗೆದಿಡಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತದೆ, ಅದು ಕಿಡಿ ತಾಗಿದರೆ ಸಿಡಿಯುತ್ತದೆ. ಆದ್ದರಿಂದ ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡವೇ ಬೇಡ. ಬ್ಯಾಟರಿ ಬಿಚ್ಚುವಾಗ ಮೈನಸ್ ಮೊದಲು, ಕೂಡಿಸುವಾಗ ಮೈನಸ್ ಕೊನೆಗೆ. ಇದರ ಹಿಂದೆಯೂ ಅದೇ ಮರಳುವ ದಾರಿಯ ಮಾತಿದೆ. ಮೈನಸ್ ಕೂಡಿದ್ದಾಗ ಕಾರಿನ ಇಡೀ ಬಾಡಿಯೇ ಮೈನಸ್ ತುದಿ. ಪ್ಲಸ್ ನಟ್ಟಿನ ಮೇಲಿರುವ ಸ್ಪ್ಯಾನರ್ ಬಾಡಿಗೆ ತಾಗಿದರೆ ನೂರಾರು ಆಂಪಿಯರ್ ಅದರ ಮೂಲಕ ಹರಿದು ಸ್ಪ್ಯಾನರ್ ಕೆಂಪಗೆ ಕಾಯುತ್ತದೆ. ಮೈನಸ್ ಮೊದಲೇ ಬಿಚ್ಚಿದ್ದರೆ ತಾಗಿದರೂ ಏನೂ ಆಗುವುದಿಲ್ಲ.

ಈಗ ಕಾರಿನ ಸದ್ದನ್ನು ಆಲಿಸಬೇಕು. ಮನೆಯಲ್ಲಿ ಒಬ್ಬರು ಕೀಲಿ ತಿರುಗಿಸಲಿ, ಇನ್ನೊಬ್ಬರು ಬಾನೆಟ್ ಬಳಿ ನಿಂತು ಕಿವಿಗೊಡಲಿ. ಸೆಲ್ಫ್ ಮೋಟಾರಿನ ಬೆನ್ನ ಮೇಲೆ ಸಾಲಿನಾಯ್ಡ್ ಎಂಬ ಪುಟ್ಟ ಕೊಳವೆಯಾಕಾರದ ಭಾಗವಿದೆ. ಕೀಲಿ ತಿರುಗಿಸಿದಾಗ ಅದರೊಳಗಿನ ಸುರುಳಿ ಅಯಸ್ಕಾಂತವಾಗಿ ಒಂದು ಕಬ್ಬಿಣದ ದಂಡವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆ ದಂಡ ಒಂದು ಕಡೆ ಮೋಟಾರಿನ ಪಿನಿಯನ್ ಎಂಬ ಪುಟ್ಟ ಹಲ್ಲುಚಕ್ರವನ್ನು ಎಂಜಿನ್ನಿನ ಫ್ಲೈವೀಲ್ ಎಂಬ ದೊಡ್ಡ ಚಕ್ರಕ್ಕೆ ಕೂಡಿಸುತ್ತದೆ, ಇನ್ನೊಂದು ಕಡೆ ದಪ್ಪ ತಾಮ್ರದ ಸ್ವಿಚ್ಚನ್ನು ಮುಚ್ಚಿ ಮೋಟಾರಿಗೆ ಕರೆಂಟು ಬಿಡುತ್ತದೆ. ನಮಗೆ ಕೇಳುವ ‘ಟಕ್’ ಆ ದಂಡದ ಸದ್ದು.

ಕಟಕಟಕಟ ಎಂದು ಒಂದೇ ಸಮನೆ ಬಡಿದುಕೊಂಡರೆ ಹೆಚ್ಚಿನ ಪಾಲು ಬ್ಯಾಟರಿ ಸೊರಗಿದೆ ಅಥವಾ ಅದರ ಟರ್ಮಿನಲ್ ಸಡಿಲವಾಗಿದೆ. ದಂಡ ಒಳಗೆ ಹೋಗುತ್ತದೆ, ಮೋಟಾರ್ ಕರೆಂಟು ಕೇಳುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಸುರುಳಿಗೆ ದಂಡವನ್ನು ಹಿಡಿದಿಡುವ ಬಲ ಸಾಲದೆ ಬಿಟ್ಟುಬಿಡುತ್ತದೆ. ಬಿಟ್ಟೊಡನೆ ಹೊರೆ ಇಳಿದು ವೋಲ್ಟೇಜ್ ಏರುತ್ತದೆ, ಮತ್ತೆ ಎಳೆಯುತ್ತದೆ. ಸೆಕೆಂಡಿಗೆ ಹಲವು ಸಲ ಇದೇ ನಡೆಯುತ್ತದೆ. ಒಂದೇ ‘ಟಕ್’ ಬಂದು ಮೌನವಾದರೆ ಸುರುಳಿಗೆ ಬೇಕಾದಷ್ಟು ಸಿಗುತ್ತಿದೆ, ಮೋಟಾರಿಗೆ ಸಿಗುತ್ತಿಲ್ಲ ಎಂದರ್ಥ: ಸಾಲಿನಾಯ್ಡಿನ ತಾಮ್ರದ ಸ್ವಿಚ್ ಸುಟ್ಟಿರಬಹುದು, ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿರಬಹುದು, ದಪ್ಪ ಕೇಬಲ್ಲಿನಲ್ಲೋ ಅರ್ತ್‌ನಲ್ಲೋ ತಡೆ ಇರಬಹುದು. ಯಾವ ಸದ್ದೂ ಇಲ್ಲದಿದ್ದರೆ ಸಾಲಿನಾಯ್ಡಿಗೆ ಆಜ್ಞೆಯೇ ಮುಟ್ಟುತ್ತಿಲ್ಲ. ಮೋಟಾರ್ ಝುಯ್ ಎಂದು ತಿರುಗಿಯೂ ಎಂಜಿನ್ ಕದಲದಿದ್ದರೆ ಪಿನಿಯನ್ ಕಚ್ಚಿಕೊಳ್ಳುತ್ತಿಲ್ಲ. ಅದು ಬಿಚ್ಚಿಯೇ ನೋಡಬೇಕಾದ ಯಾಂತ್ರಿಕ ದೋಷ, ಮೇಸ್ತ್ರಿಗೆ ಬಿಡಿ.

ಮೀಟರ್ ಇಲ್ಲದೆಯೂ ಇನ್ನೊಂದು ಸುಳಿವು ಸಿಗುತ್ತದೆ. ಸಂಜೆಗತ್ತಲಲ್ಲಿ ಹೆಡ್‌ಲೈಟ್ ಹಾಕಿ ಗೋಡೆಯ ಮೇಲೆ ಬೆಳಕು ಬೀಳುವಂತೆ ಮಾಡಿ ಸೆಲ್ಫ್ ಹೊಡೆಯಿರಿ. ಬೆಳಕು ಸತ್ತಂತಾದರೆ ಬ್ಯಾಟರಿ ಅಥವಾ ಅದರ ಟರ್ಮಿನಲ್. ಸ್ವಲ್ಪವೂ ಕುಗ್ಗದಿದ್ದರೆ ಕರೆಂಟು ಮೋಟಾರಿನವರೆಗೆ ಹೋಗುತ್ತಲೇ ಇಲ್ಲ.

ಇನ್ನು ಅಳತೆ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಆಗಿದೆ, ತಲಾ 2.1 ವೋಲ್ಟಿನ ಆರು ಸೆಲ್‌ಗಳ ಮೊತ್ತ ಅದು. 12.2 ಎಂದರೆ ಸುಮಾರು ಅರ್ಧ ಚಾರ್ಜ್. 12ಕ್ಕೆ ಇಳಿದಿದ್ದರೆ ಮೊದಲು ಚಾರ್ಜ್ ಮಾಡಿಸಿ, ಆಮೇಲೆ ಮಿಕ್ಕ ಪರೀಕ್ಷೆ. ಆದರೆ ಈ ಅಳತೆಯನ್ನು ನಂಬಿ ಅಲ್ಲಿಗೇ ನಿಲ್ಲಬಾರದು, ಅದು ಮುಚ್ಚಿದ ನಲ್ಲಿಯ ಒತ್ತಡ. ಮೀಟರಿನ ಕಡ್ಡಿಗಳನ್ನು ಬ್ಯಾಟರಿಯ ಸೀಸದ ಗುಬುಟಿನ ಮೇಲೆಯೇ ಒತ್ತಿ ಹಿಡಿದು ಸೆಲ್ಫ್ ಹೊಡೆಸಿ. ಎಂಜಿನ್ ತಿರುಗುವಾಗ ವೋಲ್ಟೇಜ್ 10ರ ಆಸುಪಾಸಿನಲ್ಲಿ ನಿಂತರೆ ಬ್ಯಾಟರಿ ಗಟ್ಟಿಯಾಗಿದೆ. 9.6ಕ್ಕಿಂತ ಕೆಳಗೆ ಜಾರಿದರೆ, ಅದೂ ಪೂರ್ತಿ ಚಾರ್ಜ್ ಆದ ಮೇಲೆ, ಬ್ಯಾಟರಿಯ ಆಯುಸ್ಸು ಮುಗಿಯುತ್ತ ಬಂದಿದೆ. ಮೂರನೆಯ ಸಾಧ್ಯತೆಯೊಂದಿದೆ, ನಾನು ಕಲಿಯಲು ಬಹಳ ತಡಮಾಡಿದ್ದು ಅದನ್ನೇ: ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಹೆಚ್ಚು ಇಳಿಯುವುದೇ ಇಲ್ಲ. ನಮ್ಮ ಕಾರಿನಲ್ಲಿ 12.6 ಇದ್ದದ್ದು 11.7ಕ್ಕೆ ಮಾತ್ರ ಬಂತು. ಬ್ಯಾಟರಿ ಎಷ್ಟು ಚೆನ್ನಾಗಿದೆ ಎಂದು ಹಿಗ್ಗುವಂತಿಲ್ಲ. ಅದರಿಂದ ಯಾರೂ ಬೇಕಾದಷ್ಟು ಕೇಳುತ್ತಿಲ್ಲ ಎಂದರ್ಥ. ಕೇಳಲು ಹೋದವನನ್ನು ದಾರಿಯಲ್ಲಿ ಯಾರೋ ತಡೆದಿದ್ದಾರೆ.

ತಡೆದವನನ್ನು ಹಿಡಿಯುವ ಉಪಾಯ ನನಗೆ ಇಡೀ ವಿಷಯದಲ್ಲೇ ಅತ್ಯಂತ ಸೊಗಸಾಗಿ ಕಂಡದ್ದು. ಮೀಟರನ್ನು ಡಿ.ಸಿ. ವೋಲ್ಟ್‌ನಲ್ಲೇ ಇಟ್ಟು, ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಗುಬುಟಿಗೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ತಾಗಿಸಿ ಸೆಲ್ಫ್ ಹೊಡೆಸಿ. ಎರಡೂ ಮೈನಸ್ ಕಡೆಯೇ ಆದ್ದರಿಂದ ನಡುವೆ ಸೊನ್ನೆ ಇರಬೇಕು, 0.2 ವೋಲ್ಟಿನವರೆಗೆ ಕ್ಷಮಿಸಬಹುದು. ನಮಗೆ ಬಂದದ್ದು 3.1. ಅಂದರೆ ಮೋಟಾರಿಗೆ ಸಲ್ಲಬೇಕಾದ 3 ವೋಲ್ಟ್ ಆ ತುಕ್ಕಿನಲ್ಲಿ ಬಿಸಿಯಾಗಿ ಹೋಗುತ್ತಿತ್ತು. ಅಲ್ಲಿಂದ ಹೆಜ್ಜೆ ಹೆಜ್ಜೆಯಾಗಿ ಹೋಗಬೇಕು: ಗುಬುಟಿನಿಂದ ಅದನ್ನು ಹಿಡಿದ ಕೇಬಲ್ಲಿನ ಕ್ಲ್ಯಾಂಪಿಗೆ, ಕ್ಲ್ಯಾಂಪಿನಿಂದ ಬಾಡಿಗೆ, ಬಾಡಿಯಿಂದ ಎಂಜಿನ್ನಿಗೆ. ಯಾವ ಹೆಜ್ಜೆಯಲ್ಲಿ ಅಂಕಿ ಹಾರುತ್ತದೋ ಕಳ್ಳ ಅಲ್ಲಿದ್ದಾನೆ. ಪ್ಲಸ್ ಕಡೆಯೂ ಇದೇ ಕ್ರಮ, ಬ್ಯಾಟರಿಯ ಪ್ಲಸ್‌ನಿಂದ ಸೆಲ್ಫ್ ಮೋಟಾರಿನ ದಪ್ಪ ಬೋಲ್ಟಿನವರೆಗೆ 0.5 ವೋಲ್ಟಿಗಿಂತ ಹೆಚ್ಚು ಇರಬಾರದು. ಎರಡೂ ಕಡೆ ದಾರಿ ಸರಿಯಿದ್ದು, ಮೋಟಾರಿನ ಬೋಲ್ಟಿಗೆ ವೋಲ್ಟೇಜ್ ಮುಟ್ಟುತ್ತಿದ್ದೂ ಅದು ತಿರುಗದಿದ್ದರೆ ಆಗ ಮಾತ್ರ ಸೆಲ್ಫ್ ಮೋಟಾರನ್ನು ದೂರಬಹುದು. ಅದರ ಮೈಗೆ ಮರದ ಹಿಡಿಯಿಂದ ಮೆಲ್ಲನೆ ತಟ್ಟಿದಾಗ ಒಮ್ಮೆ ತಿರುಗಿದರೆ ಬ್ರಷ್‌ಗಳು ಸವೆದಿವೆ ಎಂಬುದು ಬಹುಮಟ್ಟಿಗೆ ಖಚಿತ.

ಮೀಟರ್ ಇಲ್ಲದವರು ಜಂಪರ್ ಕೇಬಲ್ಲಿನ (ಒಂದು ಕಾರಿನ ಬ್ಯಾಟರಿಯಿಂದ ಇನ್ನೊಂದಕ್ಕೆ ಕರೆಂಟು ಕೊಡುವ ದಪ್ಪ ಕೇಬಲ್ಲಿನ) ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೂ ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೂ ಕಚ್ಚಿಸಿ ಸೆಲ್ಫ್ ಹೊಡೆದು ನೋಡಲಿ. ಮರಳಲು ಹೊಸ ದಾರಿ ಸಿಕ್ಕಿದ ಕೂಡಲೇ ಎಂಜಿನ್ ತಿರುಗಿದರೆ ಹಳೆಯ ದಾರಿ ಕಟ್ಟಿದೆ.

ಟರ್ಮಿನಲ್‌ಗಳನ್ನು ಶುಚಿ ಮಾಡುವುದು ಅಡುಗೆಮನೆಯ ಸಾಮಾನಿನಲ್ಲೇ ಆಗುತ್ತದೆ. ಬಿಳಿ ಪುಡಿಯ ಜೊತೆ ಕಾಣುವ ನೀಲಿ ಹಸಿರು ಕಿಲುಬು ಬ್ಯಾಟರಿಯ ಆಮ್ಲ ತಾಮ್ರವನ್ನು ತಿಂದು ಉಳಿಸಿದ್ದು. ಅಡಿಕೆ ತೋಟಕ್ಕೆ ಹೊಡೆಯುವ ಮೈಲುತುತ್ತದ ಬಳಗವೇ. ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ, ಬ್ಯಾಟರಿಯ ಮುಚ್ಚಳಗಳೊಳಗೆ ಹೋಗದಂತೆ ಎಚ್ಚರದಿಂದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ನೊರೆ ಬಂದು ಕರಗುತ್ತದೆ. ಕಣ್ಣಿಗೂ ಕೈಗೂ ಸಿಡಿಯದಂತೆ ನೋಡಿಕೊಳ್ಳಿ. ಒಣಗಿದ ಮೇಲೆ ಗುಬುಟನ್ನೂ ಕ್ಲ್ಯಾಂಪಿನ ಒಳಮೈಯನ್ನೂ ಉಪ್ಪುಕಾಗದದಿಂದ ಉಜ್ಜಿ ಹೊಳೆಯಿಸಿ, ಬಿಗಿಯಾಗಿ ಕೂಡಿಸಿ, ಮೇಲಿಂದ ವ್ಯಾಸಲೀನ್ ಸವರಿ. ಮೊದಲು ವ್ಯಾಸಲೀನ್ ಸವರಿ ಆಮೇಲೆ ಕೂಡಿಸುವವರಿದ್ದಾರೆ. ಲೋಹಕ್ಕೆ ಲೋಹ ಮೊದಲು ಕಚ್ಚಲಿ, ಜಿಡ್ಡು ಹೊರಗಿನ ಹೊದಿಕೆಯಾಗಿರಲಿ. ಅರ್ತ್ ಪಟ್ಟಿಯನ್ನು ಬಾಡಿಗೆ ಕೂಡಿಸುವ ಕಡೆ ಬಣ್ಣವಿದ್ದರೆ ಅದನ್ನೂ ಕೆರೆದು ಲೋಹ ಕಾಣಿಸಬೇಕು.

ಕೀಲಿ ತಿರುಗಿಸಿದರೆ ಸದ್ದೇ ಇಲ್ಲದ ಕಾರುಗಳಲ್ಲಿ ನೋಡಬೇಕಾದದ್ದು ಸಾಲಿನಾಯ್ಡಿಗೆ ಬರುವ ತೆಳ್ಳನೆಯ ವೈರು. ಕೀಲಿಯನ್ನು ಸ್ಟಾರ್ಟ್‌ನಲ್ಲಿ ಹಿಡಿದಾಗ ಅದರ ತುದಿಯಲ್ಲಿ ಬ್ಯಾಟರಿಯ ವೋಲ್ಟೇಜಿಗೆ ಹತ್ತಿರದ ಅಂಕಿ ಬರಬೇಕು. ಕಾಲು ಶತಮಾನ ತಿರುಗಿದ ಇಗ್ನಿಷನ್ ಸ್ವಿಚ್ಚಿನ ಒಳಭಾಗ ಸವೆದು, ಉದ್ದದ ವೈರಿನಲ್ಲೂ ಒಂದಿಷ್ಟು ಕಳೆದು, 8 ವೋಲ್ಟ್ ಮುಟ್ಟಿದರೆ ಎಂಜಿನ್ ತಣ್ಣಗಿದ್ದಾಗ ಎಳೆಯುವ ಸಾಲಿನಾಯ್ಡ್ ಬಿಸಿಯಾದಾಗ ಎಳೆಯುವುದಿಲ್ಲ. ಬಿಸಿಯಾದ ತಾಮ್ರದ ಸುರುಳಿಯ ತಡೆ ಹೆಚ್ಚುವುದೇ ಕಾರಣ. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದ ಕಾರು ಐದು ನಿಮಿಷದ ನಂತರ ಮುಷ್ಕರ ಹೂಡುವುದು ಹೀಗೆ. ಬ್ಯಾಟರಿಯ ಪ್ಲಸ್‌ನಿಂದ ನೇರವಾಗಿ, ಫ್ಯೂಸಿನ ಮೂಲಕ, ಒಂದು 30 ಆಂಪಿಯರ್ ರಿಲೇ (ಸಣ್ಣ ಕರೆಂಟಿನ ಆಜ್ಞೆಗೆ ದೊಡ್ಡ ಕರೆಂಟು ಬಿಡುವ ಸ್ವಿಚ್) ಹಾಕಿಸಿದರೆ ಹಳೆಯ ಸ್ವಿಚ್ಚಿನ ಹೊರೆ ಇಳಿಯುತ್ತದೆ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ರಿಲೇ, ಅರ್ತ್ ಪಟ್ಟಿ ಎರಡೂ ಸುಲಭವಾಗಿ ಸಿಗುತ್ತವೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಸಾಲಿನಾಯ್ಡನ್ನು ಚಾಲೂ ಮಾಡುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬೇಡ. ಗೇರಿನಲ್ಲಿದ್ದ ಕಾರು ಮುಂದೆ ನಿಂತವರ ಮೇಲೆ ನುಗ್ಗಲು ಒಂದು ಕ್ಷಣ ಸಾಕು.

ಎಂಜಿನ್ ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಪೆಟ್ರೋಲ್ ಬರುತ್ತಿಲ್ಲ ಅಥವಾ ಕಿಡಿ ಹುಟ್ಟುತ್ತಿಲ್ಲ. ಕಿಡಿಯ ವಿಚಾರ ದೊಡ್ಡದು, ಇಲ್ಲಿ ಎರಡು ಮಾತು ಮಾತ್ರ. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಕುಸಿದರೆ ಇಗ್ನಿಷನ್ ಕಾಯಿಲಿಗೂ ಕಡಿಮೆಯೇ ಸಿಗುತ್ತದೆ, ಅದು ಹುಟ್ಟಿಸುವ ಸಾವಿರಾರು ವೋಲ್ಟಿನ ಕಿಡಿಯೂ ಸೊರಗುತ್ತದೆ. ಆದ್ದರಿಂದ ಪ್ಲಗ್ ಬದಲಿಸುವ ಮೊದಲು ಮೇಲಿನ ಅಳತೆಗಳು ಮುಗಿದಿರಲಿ. ಇನ್ನೊಂದು, ಮಳೆಗಾಲದ್ದು: ಕಿಡಿಯನ್ನು ಪ್ಲಗ್ಗುಗಳಿಗೆ ಸರದಿಯಂತೆ ಹಂಚುವ ಡಿಸ್ಟ್ರಿಬ್ಯೂಟರ್ ಇರುವ ಕಾರುಗಳಲ್ಲಿ ಅದರ ಮುಚ್ಚಳದೊಳಗೆ ತೇವ ಕೂತರೆ ಕಿಡಿ ಪ್ಲಗ್ಗಿಗೆ ಹೋಗದೆ ತೇವದಲ್ಲೇ ಹರಿದುಹೋಗುತ್ತದೆ. ಕೀಲಿ ತೆಗೆದು, ಮುಚ್ಚಳ ಬಿಚ್ಚಿ, ಒಣಬಟ್ಟೆಯಿಂದ ಒರೆಸಿದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಬ್ಯಾಟರಿ ಪದೇ ಪದೇ ಖಾಲಿಯಾಗುತ್ತಿದ್ದರೆ ತುಂಬಿಸುವವನನ್ನೂ ಕದಿಯುವವನನ್ನೂ ನೋಡಬೇಕು. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 13.8ರಿಂದ 14.4 ವೋಲ್ಟ್ ಇದ್ದರೆ ಆಲ್ಟರ್ನೇಟರ್, ಅಂದರೆ ನಾವು ರೂಢಿಯಲ್ಲಿ ಡೈನಮೋ ಎನ್ನುವುದು, ತನ್ನ ಕೆಲಸ ಮಾಡುತ್ತಿದೆ. ಆದರೆ ನಮ್ಮ ಊರಿನ ಸಂಚಾರವೇ ಅದಕ್ಕೆ ಶತ್ರು. ಮಳೆಯ ಸಂಜೆ ಸಿಲ್ಕ್ ಬೋರ್ಡ್ ಬಳಿ ನಿಂತ ಕಾರಿನಲ್ಲಿ ಹೆಡ್‌ಲೈಟ್, ವೈಪರ್, ರೇಡಿಯೇಟರ್ ಫ್ಯಾನ್ ಎಲ್ಲವೂ ಓಡುತ್ತಿರುತ್ತವೆ, ಎಂಜಿನ್ ಮಾತ್ರ ಮೆಲ್ಲನೆ ತಿರುಗುತ್ತಿರುತ್ತದೆ. ಆ ವೇಗದಲ್ಲಿ ಹಳೆಯ ಆಲ್ಟರ್ನೇಟರ್ ಕೊಡುವುದು ಸಾಲದೆ ಬ್ಯಾಟರಿಯೇ ಕೈಯಿಂದ ಹಾಕಿ ಕೊಡುತ್ತದೆ. ವಾರಕ್ಕೊಮ್ಮೆ ಮುಂಜಾನೆ ಅರ್ಧ ಗಂಟೆ ಖಾಲಿ ರಸ್ತೆಯಲ್ಲಿ ಓಡಿಸುವುದು ಇದಕ್ಕೆ ನನಗೆ ತಿಳಿದ ಅಗ್ಗದ ಔಷಧ. ಓಡುವ ಎಂಜಿನ್ನಿನ ಬ್ಯಾಟರಿ ಟರ್ಮಿನಲ್ ಕಿತ್ತು ಡೈನಮೋ ಪರೀಕ್ಷಿಸುವ ಹಳೆಯ ಪದ್ಧತಿಯನ್ನು ಮಾತ್ರ ಯಾರು ಹೇಳಿದರೂ ಒಪ್ಪಬೇಡಿ. ಆಲ್ಟರ್ನೇಟರ್ ಇರುವ ಕಾರಿನಲ್ಲಿ ಆಗ ವೋಲ್ಟೇಜ್ ಚಿಮ್ಮಿ ಡಯೋಡುಗಳೂ ಇತರ ಎಲೆಕ್ಟ್ರಾನಿಕ್ ಭಾಗಗಳೂ ಸುಡಬಹುದು.

ಕದಿಯುವವನನ್ನು ಹಿಡಿಯಲು ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಬಾಗಿಲು ಮುಚ್ಚಿ, ಮೈನಸ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಗುಬುಟಿಗೂ ನಡುವೆ ಮೀಟರನ್ನು 10 ಆಂಪಿಯರ್ ವಿಭಾಗದಲ್ಲಿಟ್ಟು ಕೂಡಿಸಬೇಕು. ಈ ಸ್ಥಿತಿಯಲ್ಲಿ ಮರೆತೂ ಸೆಲ್ಫ್ ಹೊಡೆಯಬಾರದು, ಮೀಟರ್ ಸುಟ್ಟುಹೋಗುತ್ತದೆ. 0.05 ಆಂಪಿಯರಿಗಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ. ಅರ್ಧ ಆಂಪಿಯರ್ ಹರಿಯುತ್ತಿದ್ದರೆ 35 ಆಂಪಿಯರ್ ಅವರ್‌ನ ಬ್ಯಾಟರಿ ಮೂರು ದಿನದಲ್ಲಿ ಬರಿದಾಗುತ್ತದೆ. ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡುತ್ತ ಹೋದರೆ ಯಾವುದನ್ನು ಕಿತ್ತಾಗ ಅಂಕಿ ಬೀಳುತ್ತದೋ ಆ ಸಾಲಿನಲ್ಲಿ ದೋಷ. ಡಿಕ್ಕಿಯ ದೀಪ, ಆಮೇಲೆ ಹಾಕಿಸಿದ ಸ್ಟೀರಿಯೊ, ಇಲಿ ಕಡಿದ ವೈರು ಸಾಮಾನ್ಯ ಅಪರಾಧಿಗಳು. ತಿಂಗಳುಗಟ್ಟಲೆ ನಿಂತ ಕಾರಾದರೆ ಬಾನೆಟ್ಟಿನೊಳಗೆ ಇಲಿಯ ಹಿಕ್ಕೆ ಇದೆಯೇ ಎಂದು ಮೊದಲು ನೋಡಿ.

ಅಪ್ಪನ ಕಾರಿಗೆ ಹೊಸ ಅರ್ತ್ ಪಟ್ಟಿ ತಂದು, ಎರಡೂ ತುದಿಯ ಲೋಹವನ್ನು ಉಜ್ಜಿ ಕೂಡಿಸಲು ಅರ್ಧ ಗಂಟೆ ಹಿಡಿಯಿತು. ಮತ್ತೆ ಅದೇ ಜಾಗದಲ್ಲಿ ಮೀಟರ್ ಹಿಡಿದೆ, ಅಪ್ಪ ಕೀಲಿ ತಿರುಗಿಸಿದರು. 3.1 ಇದ್ದ ಕಡೆ 0.1. ಎಂಜಿನ್ ಒಂದೇ ಸುತ್ತಿಗೆ ಹೊತ್ತಿಕೊಂಡಿತು.